ಗಢವಾಲದ ಹಿಮಗಿರಿ: ಯಾತ್ರೆಯೂ ರಕ್ಷಣೆಯೂ

ಅಲಕನಂದಾ ಮತ್ತು ಮಂದಾಕಿನಿ ನದಿಗಳು ಹುಟ್ಟಿ ಹರಿಯುವ ಗಢವಾಲ ಪ್ರಾಂತವು ಪ್ರಾಚೀನಕಾಲದಿಂದಲೂ ಯಾತ್ರಾಭೂಮಿಯೆಂದು ಪ್ರಸಿದ್ಧವಾದುದು. ಇಪ್ಪತ್ತನೆಯ ಶತಮಾನದಲ್ಲಿ ಅದೇ ಭೂಮಿಯು ಪರ್ವತಾರೋಹಿಗಳ, ಸಸ್ಯಶಾಸ್ತ್ರಜ್ಞರ, ಪ್ರವಾಸಿಗರ ಗಮನವನ್ನೂ ಸೆಳೆಯಿತು. ಅಭಯಾರಣ್ಯಗಳೂ ರಾಷ್ಟ್ರೀಯ ಉದ್ಯಾನಗಳೂ ಅಲ್ಲಿ ಸ್ಥಾಪಿತವಾದವು. ದೇವರ ದರ್ಶನಕ್ಕೆ ಬರುವವರು, ಪ್ರಕೃತಿಯ ದರ್ಶನಕ್ಕೆ ಬರುವವರು, ಅಲ್ಲಿಯೇ ಹುಟ್ಟಿ ಬೆಳೆದವರು, ಈ ಮೂವರಲ್ಲಿ ಪರ್ವತದ ಮೇಲೆ ಯಾರ ಹಕ್ಕು ಎಷ್ಟೆಂಬ ಪ್ರಶ್ನೆಯು ಈ ಇತಿಹಾಸದ ಉದ್ದಕ್ಕೂ ಕಾಣಬರುತ್ತದೆ.

ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿರುವ ಕೇದಾರನಾಥವು ದ್ವಾದಶ ಜ್ಯೋತಿರ್ಲಿಂಗಗಳಲ್ಲಿ ಒಂದು. ವೀರಶೈವ ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರ ಪೀಠದ ನೆಲೆಯು ಉಖೀಮಠದಲ್ಲಿದೆ. ಕೇದಾರದ ರಾವಲ ಪದವಿಗೆ ಕನ್ನಡನಾಡಿನ ವೀರಶೈವ ಜಂಗಮ ಪರಂಪರೆಯವರು ಬರುವುದು ಸಂಪ್ರದಾಯ. ರಾವಲರು ಸ್ವತಃ ಪೂಜೆ ನೆರವೇರಿಸುವುದಿಲ್ಲ. ಅವರ ಆದೇಶದಂತೆ ಅರ್ಚಕರು ನೆರವೇರಿಸುತ್ತಾರೆ. ಅಕ್ಷಯತೃತೀಯೆಯ ಸುಮಾರಿಗೆ ತೆರೆಯುವ ದೇವಾಲಯದ ಬಾಗಿಲು ದೀಪಾವಳಿಯ ನಂತರದ ಯಮದ್ವಿತೀಯೆಯಂದು ಮುಚ್ಚುತ್ತದೆ. ಉತ್ಸವಮೂರ್ತಿಯು ಉಖೀಮಠದ ಓಂಕಾರೇಶ್ವರ ದೇವಾಲಯಕ್ಕೆ ಇಳಿದುಬರುತ್ತದೆ. ಹಿಮಪಾತವೇ ವಿಧಿಸಿದ ಈ ನಿಯಮದಿಂದ ವರ್ಷದ ಅರ್ಧಭಾಗ ಪರ್ವತಕ್ಕೆ ಮನುಷ್ಯರ ಹಾವಳಿಯಿಂದ ಬಿಡುವು ದೊರೆಯುತ್ತಿತ್ತೆಂಬುದು ಗಮನಾರ್ಹ. ಕೇದಾರದ ಹೆಸರನ್ನೇ ಹೊತ್ತ ವನ್ಯಜೀವಿಧಾಮವು 1972ರಲ್ಲಿ ಸ್ಥಾಪಿತವಾಯಿತು. ಕಸ್ತೂರಿಮೃಗದ ರಕ್ಷಣೆ ಅದರ ಮುಖ್ಯೋದ್ದೇಶಗಳಲ್ಲಿ ಒಂದು.

ಪ್ರಕೃತಿದರ್ಶನದ ಯಾತ್ರೆಯ ಕಥೆ ಬೇರೆ. 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಫ್ರಾಂಕ್ ಸ್ಮೈತ್ ಮತ್ತು ಅವರ ಸಂಗಡಿಗರು ಭ್ಯುಂಡಾರ್ ಕಣಿವೆಗೆ ಇಳಿದು ಅಲ್ಲಿಯ ಪುಷ್ಪಸಮೃದ್ಧಿಯನ್ನು ಕಂಡು ಬೆರಗಾದರು. ಸ್ಮೈತ್ 1937ರಲ್ಲಿ ಮತ್ತೆ ಬಂದು, ಮರುವರ್ಷ ಆ ಕಣಿವೆಯನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಹೂಗಳ ಕಣಿವೆಯೆಂಬ ಹೆಸರು ಲೋಕಪ್ರಸಿದ್ಧವಾಯಿತು. 1939ರಲ್ಲಿ ಸಸ್ಯಸಂಗ್ರಹಕ್ಕಾಗಿ ಬಂದ ಜೋನ್ ಮಾರ್ಗರೆಟ್ ಲೆಗ್ ಎಂಬ ಮಹಿಳೆ ಕಾಲುಜಾರಿ ಬಿದ್ದು ಅಲ್ಲಿಯೇ ಮೃತರಾದರು. ಅವರ ಸಮಾಧಿಯನ್ನು ಇಂದಿಗೂ ಅಲ್ಲಿ ಕಾಣಬಹುದು. ಆದರೆ ಸ್ಥಳೀಯರಿಗೆ ಆ ಕಣಿವೆ ಹೊಸದೇನೂ ಆಗಿರಲಿಲ್ಲ. ಅವರ ಕುರಿಗಳು ಬೇಸಿಗೆಯಲ್ಲಿ ಅಲ್ಲಿಯೇ ಮೇಯುತ್ತಿದ್ದವು. ನಂದಾಷ್ಟಮಿಗೆ ಮೊದಲು ಬ್ರಹ್ಮಕಮಲವನ್ನು ಕೀಳಬಾರದೆಂಬ ಕಟ್ಟಳೆಯೂ ಗಢವಾಲದ ಜನರಲ್ಲಿತ್ತು. ಹೂವು ಅರಳಿ ಬೀಜವಾಗಲು ಅವಕಾಶ ಕೊಡುವ ಈ ಕಟ್ಟಳೆಯನ್ನು ಕಾನೂನಿಗಿಂತ ಹಳೆಯದಾದ ರಕ್ಷಣೆಯೆನ್ನಬಹುದು.

ಇದೇ ಪ್ರದೇಶದ 7,816 ಮೀಟರ್ ಎತ್ತರದ ನಂದಾದೇವಿ ಶಿಖರವನ್ನು ಪರ್ವತಗಳ ಕೋಟೆಯೊಂದು ಸುತ್ತುವರಿದಿದೆ. ಋಷಿಗಂಗೆ ಕೊರೆದ ಕಂದರವೇ ಒಳಗಿನ ನೀರಿಗೆಲ್ಲ ಹೊರದಾರಿ. ಆ ಕಂದರದ ಮೂಲಕ ಶಿಪ್ಟನ್ ಮತ್ತು ಟಿಲ್ಮನ್ 1934ರಲ್ಲಿ ಒಳಹೊಕ್ಕರು. 1936ರಲ್ಲಿ ಟಿಲ್ಮನ್ ಮತ್ತು ಓಡೆಲ್ ಶಿಖರವನ್ನು ಮುಟ್ಟಿದರು. 1974ರಲ್ಲಿ ಈ ಒಳನಾಡು ಆರೋಹಿಗಳಿಗೆ ಮತ್ತೆ ತೆರೆದಾಗ ತಂಡತಂಡವಾಗಿ ಜನ ಬಂದರು. ಸೌದೆಗಾಗಿ ಗಿಡಗಳು ಕಡಿಯಲ್ಪಟ್ಟವು, ಕಸದ ರಾಶಿಗಳು ಬೆಳೆದವು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1983ರಲ್ಲಿ ಎಲ್ಲರಿಗೂ ಪ್ರವೇಶ ನಿಷೇಧಿಸಲಾಯಿತು. 1988ರಲ್ಲಿ ವಿಶ್ವಪರಂಪರೆಯ ತಾಣವೆಂಬ ಮನ್ನಣೆ ದೊರೆಯಿತು. 2005ರಲ್ಲಿ ಹೂಗಳ ಕಣಿವೆಯೂ ಅದರೊಡನೆ ಸೇರಿತು.

ಈ ನಿಷೇಧದ ಭಾರ ಹೆಚ್ಚಾಗಿ ಬಿದ್ದುದು ಕಸ ಚೆಲ್ಲಿದವರ ಮೇಲಲ್ಲ. ರೇಣಿ, ಲಾತಾ ಮೊದಲಾದ ಗ್ರಾಮಗಳವರ ಮೇಲೆ. ಇದೇ ರೇಣಿಯಲ್ಲಿ 1974ರ ಮಾರ್ಚ್ 26ರಂದು ಗಂಡಸರು ಊರಲ್ಲಿಲ್ಲದ ಸಮಯದಲ್ಲಿ ಮರ ಕಡಿಯಲು ಬಂದವರನ್ನು ಗೌರಾದೇವಿಯವರ ಮುಂದಾಳುತನದಲ್ಲಿ ಹೆಂಗಸರು ತಡೆದು ಹಿಂದಿರುಗಿಸಿದ್ದರು. ಚಿಪ್ಕೋ ಚಳವಳಿಯ ಕೀರ್ತಿಗೆ ಕಾರಣವಾದ ಆ ಊರಿನವರೇ ಒಂಬತ್ತು ವರ್ಷಗಳ ತರುವಾಯ ತಮ್ಮ ಹುಲ್ಲುಗಾವಲು, ಗಿಡಮೂಲಿಕೆ, ಹೊರೆಹೊರುವ ಕೂಲಿ ಎಲ್ಲವನ್ನೂ ಕಳೆದುಕೊಂಡು ಹೊರಗುಳಿದರು. ಕಾಡನ್ನು ಉಳಿಸಿದವರಿಂದಲೇ ಕಾಡನ್ನು ರಕ್ಷಿಸಹೊರಟುದು ವಿಪರ್ಯಾಸವೇ ಸರಿ. 1998ರಲ್ಲಿ ಅವರು ತಮ್ಮ ಹಕ್ಕಿಗಾಗಿ ಹೋರಾಡಿದರು. 2001ರಲ್ಲಿ ಲಾತಾದವರು ಸ್ಥಳೀಯರ ಪಾಲಿರುವ ಮಿತಪ್ರವಾಸದ ಘೋಷಣೆಯೊಂದನ್ನು ಹೊರಡಿಸಿದರು. 2003ರಲ್ಲಿ ಉದ್ಯಾನದ ಅಂಚಿನ ಒಂದು ಭಾಗಕ್ಕೆ ಮಿತಸಂಖ್ಯೆಯ ಪ್ರವೇಶ ದೊರೆಯಿತು.

ಪರ್ವತವು ಸ್ಥಾವರವೆಂಬುದು ಕಣ್ಣಿನ ತೋರಿಕೆ. ಹಿಮಾಲಯವು ವಯಸ್ಸಿನಲ್ಲಿ ಕಿರಿಯ ಪರ್ವತ. ಅದರ ಬಂಡೆಯೂ ಹಿಮವೂ ಚಲಿಸುತ್ತಲೇ ಇರುತ್ತವೆ. 2013ರ ಜೂನ್ 16 ಮತ್ತು 17ರಂದು ಅತಿವೃಷ್ಟಿಯಿಂದಲೂ ಚೋರಾಬಾರಿ ಸರೋವರದ ಕಟ್ಟೆಯೊಡೆದುದರಿಂದಲೂ ಕೇದಾರಕಣಿವೆಯಲ್ಲಿ ಸಾವಿರಾರು ಜನ ಮಡಿದರು. ಯಾತ್ರಿಕರು ತಂಗುತ್ತಿದ್ದ ರಾಮಬಾಡಾ ಕೊಚ್ಚಿಹೋಯಿತು. ಉರುಳಿಬಂದ ಹೆಬ್ಬಂಡೆಯೊಂದು ದೇವಾಲಯದ ಹಿಂದೆ ನಿಂತು ಪ್ರವಾಹವನ್ನು ಇಬ್ಭಾಗಿಸಿತು. ಗುಡಿ ಉಳಿಯಿತು, ಸುತ್ತಲಿನ ಕಟ್ಟಡಗಳು ಬಹುಪಾಲು ಉಳಿಯಲಿಲ್ಲ. 2021ರ ಫೆಬ್ರವರಿ 7ರಂದು ರೋಂಟಿ ಶಿಖರದ ಬಂಡೆ ಹಿಮಗಳು ಕುಸಿದು ಋಷಿಗಂಗೆ ಉಕ್ಕಿತು. ರೇಣಿಯ ಬಳಿಯ ಜಲವಿದ್ಯುತ್ ಕಟ್ಟಡಗಳು ನಾಶವಾದವು. ಮಡಿದವರು ಹಾಗೂ ಕಾಣೆಯಾದವರು ಇನ್ನೂರಕ್ಕೂ ಮಿಕ್ಕಿದರು, ಅವರಲ್ಲಿ ಕೆಲಸಗಾರರೇ ಹೆಚ್ಚು.

ಮಿತಿಯಿಲ್ಲದೆ ತೆರೆದಿಟ್ಟರೆ ಪರ್ವತ ಕೆಡುತ್ತದೆ. ಪೂರ್ಣವಾಗಿ ಮುಚ್ಚಿದರೆ ಅದನ್ನು ಕಾಯುವ ಜನ ಕೆಡುತ್ತಾರೆ. ಹೂಗಳ ಕಣಿವೆಯಲ್ಲಿ ರಾತ್ರಿ ತಂಗಲು ಅನುಮತಿಯಿಲ್ಲ. ಹಗಲಿನಲ್ಲಿ ನೋಡಿ ಹಿಂದಿರುಗಬೇಕು. ಈ ನಿಯಮಕ್ಕೂ ಕೇದಾರದ ಬಾಗಿಲು ಚಳಿಗಾಲದಲ್ಲಿ ಮುಚ್ಚುವ ಪದ್ಧತಿಗೂ ಒಳಗಿನ ಅರ್ಥ ಒಂದೇ: ಕಂಡು ನಮಿಸಿ, ಹೊತ್ತಿಗೆ ಸರಿಯಾಗಿ ಹಿಂದಿರುಗುವುದು. ರೇಣಿಯ ಹೆಂಗಸರು ಆ ಕಾಡನ್ನು ತಮ್ಮ ತವರೆಂದು ಕರೆದಿದ್ದರು. ತವರಿಗೆ ಹೋದ ಮಗಳು ಮಡಿಲು ತುಂಬಿಸಿಕೊಂಡು ಬರುತ್ತಾಳೆಯೇ ಹೊರತು ಮನೆಯನ್ನು ಬರಿದು ಮಾಡಿ ಬರುವುದಿಲ್ಲ. ಗಿರಿದರ್ಶನಕ್ಕೆ ಹೊರಡುವವರು ಯಾತ್ರಿಕರಾಗಲಿ ಪ್ರವಾಸಿಗರಾಗಲಿ, ನೆನಪಿಡಬೇಕಾದ ನಡತೆ ಇದೇ.