ಹಳೆಯ ಸೈಕಲ್ಲಿಗೂ ಸುಂಕ ಉಂಟೇ?

ಯಲಹಂಕದ ಆಚೆ, ಜಾಲ ಹೋಬಳಿಯ ಬಾಗಲೂರಿನ ಸುತ್ತ ಈಗ ರಾಗಿ ಹೊಲಗಳಿಗಿಂತ ಬಡಾವಣೆಗಳ ಫಲಕಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಇಲ್ಲಿನ ನೆಲದ ಬೆಲೆ ಏರಿದ ಕಥೆ ಎಲ್ಲರಿಗೂ ಗೊತ್ತು. ಅದೇ ನೆಲದಲ್ಲಿ ಬೆಲೆ ಕಳೆದುಕೊಂಡ ವಸ್ತುವೊಂದರ ಕಥೆಯನ್ನು ಮಾತ್ರ ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದು ಹಳೆಯ ಸೈಕಲ್ಲಿನದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿದು ನಿಂತ ಗೇರ್ ಸೈಕಲ್ಲಿನ ಚಿತ್ರ ತೆಗೆದು ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದರೆ, ಕೊಂಡ ಬೆಲೆಯ ಅರ್ಧಕ್ಕೆ ಕೇಳುವವರೂ ಅಪರೂಪ. ಇದರ ಜೊತೆಗೆ ಇತ್ತೀಚೆಗೆ ಇನ್ನೊಂದು ಅಳುಕು ಸೇರಿಕೊಂಡಿದೆ: ಹೀಗೆ ಬಂದ ಎರಡು ಮೂರು ಸಾವಿರ ರೂಪಾಯಿಗೂ ತೆರಿಗೆ ಕಟ್ಟಬೇಕೇ?

ಮಾರಾಟದ ಮೇಲೆ ಅರಸನ ಕಣ್ಣು ಬೀಳುವುದು ಕನ್ನಡ ನಾಡಿಗೆ ಹೊಸದೇನಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಪದೇ ಪದೇ ಬರುತ್ತವೆ. ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಹುಟ್ಟಿದ್ದೂ ಸುಮ್ಮನೆ ಅಲ್ಲ. ಆದರೆ ಸುಂಕ ವಸೂಲಾಗುತ್ತಿದ್ದುದು ಬಹುಮಟ್ಟಿಗೆ ದಾರಿಯಲ್ಲಿ ಸಾಗುವ ಹೇರಿನಿಂದ, ಸಂತೆಯಲ್ಲಿ ಇಳಿಸಿದ ಸರಕಿನಿಂದ. ನೆರೆಮನೆಯವನಿಗೆ ಒನಕೆ ಮಾರಿದವನನ್ನು ಸುಂಕದವನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಈ ವ್ಯತ್ಯಾಸ ಇಂದಿನ ಕಾನೂನಿನಲ್ಲೂ ಉಳಿದಿದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯು ಸಂತೆಯ ಶುಲ್ಕದ ಜೊತೆಗೆ, ಸಂತೆಗೆ ಮಾರಲು ತಂದ ಜಾನುವಾರುಗಳ ನೋಂದಣಿಗೂ ಶುಲ್ಕ ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಂಥ ಕಡೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸಬಹುದು, ಅದು ಗುಟ್ಟಾಗಿಯೂ ಇರಬಹುದು. ಜೋಡೆತ್ತು ಕೈಬದಲಾದದ್ದು ಮಾತ್ರ ಊರಿಗೆಲ್ಲ ಕಾಣುತ್ತದೆ.

ಸೈಕಲ್ಲಿನ ಮಾತು ಬೇರೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ನಮ್ಮಲ್ಲಿಗೆ ಸೈಕಲ್ಲು ಬರುತ್ತಿದ್ದುದು ಮುಖ್ಯವಾಗಿ ಬರ್ಮಿಂಗ್‌ಹ್ಯಾಮ್, ಕೊವೆಂಟ್ರಿ, ನಾಟಿಂಗ್‌ಹ್ಯಾಮ್‌ಗಳಿಂದ. ಅದು ಉಳ್ಳವರ ವಾಹನ. ಆದ್ದರಿಂದ ಸರಕಾರಗಳು ತೆರಿಗೆ ಹಾಕಿದ್ದು ಅದರ ಮಾರಾಟಕ್ಕಲ್ಲ, ಅದನ್ನು ಇಟ್ಟುಕೊಂಡದ್ದಕ್ಕೆ. ಫ್ರಾನ್ಸ್ 1893ರಲ್ಲೇ ಸೈಕಲ್ ತೆರಿಗೆ ತಂದಿತು. ಹಾಲೆಂಡಿನಲ್ಲಿ 1924ರಿಂದ 1941ರವರೆಗೆ ತೆರಿಗೆ ಕಟ್ಟಿದ ಗುರುತಿಗೆ ಲೋಹದ ಬಿಲ್ಲೆ ಇರಬೇಕಿತ್ತು. ನಮ್ಮ ಅನೇಕ ಪುರಸಭೆಗಳೂ ಇದೇ ದಾರಿ ಹಿಡಿದವು. ವರ್ಷಕ್ಕೊಮ್ಮೆ ಹಣ ಕಟ್ಟಿ ತಗಡಿನ ಬಿಲ್ಲೆ ತಂದು ಸೈಕಲ್ಲಿಗೆ ಬಿಗಿಯಬೇಕಿತ್ತು. ಬಿಲ್ಲೆಯಿಲ್ಲದ ಸೈಕಲ್ಲನ್ನು ಹಿಡಿಯುವ ಸಿಬ್ಬಂದಿಯನ್ನು ಕಂಡು ಇಳಿದು ತಳ್ಳಿಕೊಂಡು ಹೋದವರ ಕಥೆಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಸಂವಿಧಾನವೂ ಯಂತ್ರವಿರಲಿ, ಇಲ್ಲದಿರಲಿ ರಸ್ತೆಯ ಮೇಲೆ ಓಡುವ ವಾಹನಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಪಟ್ಟಿಯ 57ನೆಯ ಬಾಬಿನಲ್ಲಿ ಇಟ್ಟಿತು. ಮೋಟಾರಿಲ್ಲದ ವಾಹನಕ್ಕೆ ತೆರಿಗೆ ಹಾಕುವ ಅಧಿಕಾರ 1993ರ ಪಂಚಾಯತ್ ಕಾಯ್ದೆಯಲ್ಲೂ ಇದೆ. ಬಿಲ್ಲೆಯ ಪದ್ಧತಿ ಮರೆಯಾದದ್ದು ಯಾರ ಔದಾರ್ಯದಿಂದಲೂ ಅಲ್ಲ. ಸೈಕಲ್ಲು ಬಡವನ ವಾಹನವಾದ ಮೇಲೆ ಅದರಿಂದ ಬರುವ ಪುಡಿಗಾಸಿಗಾಗಿ ಅಷ್ಟು ಜನರನ್ನು ಹಿಡಿದು ನಿಲ್ಲಿಸುವುದೇ ಲುಕ್ಸಾನಾಗಿ ಕಂಡಿರಬೇಕು.

ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲೇ ಸೈಕಲ್ಲು ತಯಾರಿಸುವ ಯತ್ನಗಳು ಬಿರುಸಾದವು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಹುಟ್ಟಿಕೊಂಡವು. ಆದರೂ ಬಹುಕಾಲ ಹೊಸ ಸೈಕಲ್ಲು ಸಾಮಾನ್ಯ ಸಂಸಾರಕ್ಕೆ ದೊಡ್ಡ ಖರ್ಚೇ. ಮದುವೆಯ ಮಾತುಕತೆಯಲ್ಲಿ ವಾಚು, ರೇಡಿಯೋಗಳ ಸಾಲಿನಲ್ಲಿ ಸೈಕಲ್ಲನ್ನೂ ಕೇಳುತ್ತಿದ್ದರು. ಬಾಗಲೂರಿನಿಂದ ಯಲಹಂಕಕ್ಕೆ ಹತ್ತು ಕಿಲೋಮೀಟರಿನಷ್ಟು ದಾರಿ. ಇಂಥ ಊರುಗಳಲ್ಲಿ ಹಾಲಿನ ಕ್ಯಾನು, ತರಕಾರಿ ಮೂಟೆ ಪೇಟೆ ತಲುಪಲು ಸೈಕಲ್ಲಿನ ಕ್ಯಾರಿಯರ್ ಬೇಕಿತ್ತು. ಬಸ್ಸು ತಪ್ಪಿದರೆ ದಿನದ ಸಂಪಾದನೆ ತಪ್ಪುತ್ತಿತ್ತು, ಸೈಕಲ್ಲಿದ್ದವನಿಗೆ ಆ ಭಯವಿರಲಿಲ್ಲ.

ಹಳೆಯ ಸೈಕಲ್ಲಿನ ಬೆಲೆ ಕುಸಿಯದೆ ನಿಂತದ್ದು ಈ ಕಾಲದಲ್ಲಿ. ಹೊಸದು ದುಬಾರಿ ಎಂಬುದು ಒಂದು ಕಾರಣವಷ್ಟೇ. ಅದಕ್ಕಿಂತ ಮುಖ್ಯವಾದದ್ದು ಆ ಕಪ್ಪು ಸೈಕಲ್ಲಿನ ರಚನೆ. ಯಾವ ಕಂಪೆನಿಯದಾದರೂ ಚೈನು, ಪೆಡಲು, ಟೈರು, ಟ್ಯೂಬುಗಳು ಹೆಚ್ಚುಕಡಿಮೆ ಒಂದೇ ಅಳತೆ. ಊರ ಮುಂದಿನ ಸೈಕಲ್ ಶಾಪಿನವನು ಒಂದು ಸ್ಪ್ಯಾನರು, ಒಂದು ಪಂಪು, ಪಂಕ್ಚರ್ ನೋಡುವ ನೀರಿನ ಬೋಗುಣಿ ಇಟ್ಟುಕೊಂಡು ಅದನ್ನು ಇಪ್ಪತ್ತು ವರ್ಷ ಓಡಿಸಬಲ್ಲವನಾಗಿದ್ದ. ಹೀಗಾಗಿ ಸೈಕಲ್ಲು ವಾಹನವಷ್ಟೇ ಆಗಿರಲಿಲ್ಲ, ಕೂಲಿಯವನ ಉಳಿತಾಯವೂ ಆಗಿತ್ತು. ಕಷ್ಟ ಬಂದಾಗ ಅಡವಿಟ್ಟು ಐದು ಹತ್ತು ರೂಪಾಯಿ ಹುಟ್ಟಿಸಬಹುದಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತದ ಮನುಷ್ಯನಿಗೆ ಅದೇ ಬ್ಯಾಂಕು.

ಈ ಮಾರಾಟಗಳ ಮೇಲೆ ತೆರಿಗೆ ಇತ್ತೇ? ಮದರಾಸು ಪ್ರಾಂತ್ಯ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದಿತು, ಮೈಸೂರು 1948ರಲ್ಲಿ. ಏಕೀಕರಣದ ನಂತರ 1957ರ ಕಾಯ್ದೆ ಬಂತು. ಈ ಕಾಯ್ದೆಗಳೆಲ್ಲ ನಿಂತಿದ್ದು 'ಡೀಲರ್' ಎಂಬ ಒಂದು ಪದದ ಮೇಲೆ. ಕೊಳ್ಳುವುದು, ಮಾರುವುದನ್ನು ವ್ಯಾಪಾರವಾಗಿ ನಡೆಸುವವನು ಮಾತ್ರ ತೆರಿಗೆದಾರ. ಸೈಕಲ್ ಅಂಗಡಿಯವನು ಲೆಕ್ಕ ಕೊಡಬೇಕು. ತಾನು ಓಡಿಸಿದ ಸೈಕಲ್ಲನ್ನು ಭಾವಮೈದುನನಿಗೆ ಮಾರಿದ ರೈತ ಕೊಡಬೇಕಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯೂ ಸ್ವಂತ ಬಳಕೆಯ ಚರವಸ್ತುಗಳನ್ನು, ಒಡವೆ ಮತ್ತು ಕಲಾಕೃತಿಗಳಂಥವನ್ನು ಬಿಟ್ಟು, ಬಂಡವಾಳ ಆಸ್ತಿಯ ಲೆಕ್ಕದಿಂದ ಹೊರಗಿಟ್ಟಿತು. ನಷ್ಟಕ್ಕೆ ಮಾರಿದ ಸೈಕಲ್ಲಿನಲ್ಲಿ ಲಾಭ ಹುಡುಕುವ ಪ್ರಮೇಯವೇ ಇರಲಿಲ್ಲ.

ಬೆಲೆ ಇಳಿಯತೊಡಗಿದ್ದು ಮೊಪೆಡ್ಡುಗಳ ಜೊತೆ. 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನ ಟಿವಿಎಸ್ 50 ಬಂದವು. ಹಾಲಿನ ಕ್ಯಾನು ಅವುಗಳ ಬೆನ್ನೇರಿತು. ಆಮೇಲೆ ಕಂತಿನ ಸಾಲದ ಬೈಕು. 2006-07ರಿಂದ ರಾಜ್ಯ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ, ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ, ಸೈಕಲ್ಲು ಹಂಚಿತು. ಕೋವಿಡ್ ಬಂದ 2020ರಿಂದ ಅದು ನಿಂತಿತು. ಹಂಚಿಕೆ ನಡೆದಷ್ಟು ಕಾಲ ಹಳ್ಳಿಯ ತಂದೆತಾಯಿಗೆ ಹಳೆಯ ಸೈಕಲ್ಲು ಹುಡುಕುವ ಅಗತ್ಯವೇ ಬೀಳಲಿಲ್ಲ. ಹೆಣ್ಣುಮಕ್ಕಳು ಪಕ್ಕದೂರಿನ ಹೈಸ್ಕೂಲಿಗೆ ಹೋಗುವಂತಾದ ಲಾಭದ ಮುಂದೆ ಇದು ದೊಡ್ಡ ನಷ್ಟವೇನಲ್ಲ ಬಿಡಿ.

ಕೊನೆಯ ಪೆಟ್ಟು ಕೋವಿಡ್ಡಿನದು. 2020ರಲ್ಲಿ ಬಸ್ಸು, ಜಿಮ್ಮುಗಳು ಮುಚ್ಚಿದಾಗ ಜಗತ್ತಿನೆಲ್ಲೆಡೆ ಸೈಕಲ್ಲಿಗೆ ಮುಗಿಬಿದ್ದರು, ಬಿಡಿಭಾಗ ಸಿಗದಂತಾಯಿತು. 2023ರ ಹೊತ್ತಿಗೆ ಗೋದಾಮುಗಳಲ್ಲಿ ಮಾರಾಟವಾಗದ ಸೈಕಲ್ಲುಗಳು ತುಂಬಿ ಕಂಪೆನಿಗಳೇ ರಿಯಾಯಿತಿ ಕೂಗಿದವು. ಹೊಸದರ ಬೆಲೆ ಇಳಿದರೆ ಹಳೆಯದು ಅದಕ್ಕಿಂತ ಕೆಳಗೇ ನಿಲ್ಲಬೇಕು. 2017ರ ಜುಲೈನಿಂದ ಸೈಕಲ್ಲಿನ ಮೇಲಿದ್ದ ಶೇ 12 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5 ಆಯಿತು. ತೆರಿಗೆಗೆ ಮುನ್ನ ಹತ್ತು ಸಾವಿರ ಬೆಲೆಯ ಹೊಸ ಸೈಕಲ್ಲು 11,200ರ ಬದಲು 10,500ಕ್ಕೆ ಸಿಗುವಂತಾದಾಗ, ಹಳೆಯದನ್ನು ಮಾರುವವನ ಜೇಬಿನಿಂದಲೂ ಆ ಏಳುನೂರರಲ್ಲಿ ಒಂದು ಪಾಲು ಜಾರಿತು. ಮೇಲಾಗಿ ಈಗಿನ ಗೇರು, ಡಿಸ್ಕ್ ಬ್ರೇಕುಗಳ ಸೈಕಲ್ಲಿಗೆ ಊರ ಶಾಪಿನವನ ಸ್ಪ್ಯಾನರು ಸಾಲುವುದಿಲ್ಲ. ಕೊಳ್ಳುವವನು ರಿಪೇರಿಯ ಖರ್ಚನ್ನು ಮೊದಲೇ ಕಳೆದು ಬೆಲೆ ಹೇಳುತ್ತಾನೆ.

ಬೆಲೆ ಇಷ್ಟು ಇಳಿದ ಹೊತ್ತಿನಲ್ಲೇ ತೆರಿಗೆಯ ಭಯ ಹುಟ್ಟಿದ್ದು ವಿಚಿತ್ರ. ಅಮೆರಿಕದಲ್ಲಿ 2021ರ ಕಾನೂನೊಂದು, ಆನ್‌ಲೈನ್ ಪಾವತಿ ವರ್ಷಕ್ಕೆ 600 ಡಾಲರ್ ದಾಟಿದರೆ ಪಾವತಿ ಕಂಪೆನಿಗಳು ತೆರಿಗೆ ಇಲಾಖೆಗೆ ವರದಿ ಮಾಡಬೇಕು ಎಂದಿತು. ಹಳೆಯ ಮಿತಿ 20,000 ಡಾಲರ್ ಮತ್ತು 200 ವಹಿವಾಟು. ಹಳೆಯ ಸೈಕಲ್ಲು, ಮಕ್ಕಳ ತೊಟ್ಟಿಲು ಮಾರಿದವರೆಲ್ಲ ಗಾಬರಿಯಾದರು. ನಷ್ಟಕ್ಕೆ ಮಾರಿದ ಸ್ವಂತ ವಸ್ತುವಿಗೆ ಅಲ್ಲಿಯೂ ತೆರಿಗೆಯಿಲ್ಲ, ಆದರೆ ಅದನ್ನು ತೋರಿಸಲು ರಸೀದಿ ಬೇಕು. ಜಾರಿಯನ್ನು ಮತ್ತೆ ಮತ್ತೆ ಮುಂದೂಡಿ, 2025ರ ಜುಲೈನಲ್ಲಿ ಹಳೆಯ ಮಿತಿಯನ್ನೇ ಮರಳಿ ತಂದರು.

ಅದೇ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಪಾವತಿಯ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ನೋಟಿಸು ಕಳಿಸಿತು. ಬೆಂಗಳೂರಿನ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಬಿದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದ ಮೇಲೆ ಗದ್ದಲ ತಣ್ಣಗಾಯಿತು. ನೋಟಿಸು ಬಂದದ್ದು ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದಂತೆ ಕಂಡವರಿಗೆ. ಒಂದು ಸೈಕಲ್ಲು ಮಾರಿದವನು ಆ ಲೆಕ್ಕದ ಹತ್ತಿರಕ್ಕೂ ಬಾರನು. ಆದರೂ ಭಯ ಅವನನ್ನೂ ಮುಟ್ಟಿತು. ಹಿಂದೆ ನೋಟು ಕೈಯಿಂದ ಕೈಗೆ ಹೋದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಈಗ ಬಾಗಲೂರಿನ ಮರದಡಿ ನಡೆದ ವ್ಯಾಪಾರವೂ ಬ್ಯಾಂಕಿನ ಪುಸ್ತಕದಲ್ಲಿ ಒಂದು ಸಾಲಾಗಿ ಕೂರುತ್ತದೆ, ಆ ಸಾಲಿಗೆ ಇದು ಹಳೆಯ ಸೈಕಲ್ಲಿನ ಹಣ ಎಂದು ಹೇಳಲು ಬಾಯಿಲ್ಲ. ಕಾನೂನು ಬದಲಾಗಿಲ್ಲ, ಕಣ್ಣು ಬದಲಾಗಿದೆ.

ಜಿಎಸ್‌ಟಿಯಲ್ಲೂ ವ್ಯಾಪಾರದ ಭಾಗವಾಗಿ ನಡೆದ ಮಾರಾಟಕ್ಕಷ್ಟೇ ತೆರಿಗೆ. ಹಳೆಯ ಸೈಕಲ್ಲು ಕೊಂಡು ಮಾರುವುದೇ ಕಸುಬಾದ, ನೋಂದಣಿಯಾದ ವರ್ತಕನಿಗೂ ಒಂದು ರಿಯಾಯಿತಿ ಉಂಟು. ಕೊಳ್ಳುವಾಗಿನ ತೆರಿಗೆಯ ಜಮೆ ಪಡೆಯದಿದ್ದರೆ ಅವನು ಲಾಭದ ಭಾಗಕ್ಕೆ ಮಾತ್ರ ತೆರಿಗೆ ಕಟ್ಟಬಹುದು. 2,000ಕ್ಕೆ ಕೊಂಡು ಎಣ್ಣೆ ಬಿಟ್ಟು ಒರೆಸಿ 2,600ಕ್ಕೆ ಮಾರಿದರೆ 600 ರೂಪಾಯಿಗೆ ಶೇ 5ರಂತೆ 30 ರೂಪಾಯಿ. ನಷ್ಟವಾದರೆ ಏನೂ ಇಲ್ಲ.

ಯಾರೂ ಕೇಳದ ಸೈಕಲ್ಲು ಕೊನೆಗೆ ಗುಜರಿಗೆ ಹೋಗುತ್ತದೆ, ಕಿಲೋ ಲೆಕ್ಕದಲ್ಲಿ. ಮನೆಯವರಿಗೆ ಅಲ್ಲೂ ತೆರಿಗೆಯಿಲ್ಲ. ಆದರೆ ನೋಂದಣಿಯಿಲ್ಲದ ಸಣ್ಣ ಗುಜರಿಯವನಿಂದ ನೋಂದಾಯಿತ ದೊಡ್ಡ ವರ್ತಕ ಲೋಹದ ಚೂರು ಕೊಂಡರೆ, 2024ರ ಅಕ್ಟೋಬರ್ 10ರಿಂದ ಕೊಂಡವನೇ ಅದರ ತೆರಿಗೆ ಕಟ್ಟಬೇಕು. ಆ ತೆರಿಗೆ ಶೇ 18. ಓಡುವ ಹೊಸ ಸೈಕಲ್ಲಿಗಿಂತ ಮುರಿದ ಸೈಕಲ್ಲಿನ ಕಬ್ಬಿಣಕ್ಕೆ ಮೂರೂವರೆ ಪಟ್ಟಿಗೂ ಹೆಚ್ಚು.