ಕರೆಂಟು ಹೋದರೂ ಲೆಕ್ಕ ತಪ್ಪಬಾರದು: ಎಸ್‌ಕ್ಯೂಲೈಟ್ ಪರೀಕ್ಷೆಗಳ ಕಥೆ

ಸಾಫ್ಟ್‌ವೇರ್ ಚರಿತ್ರೆ ಅಂದರೆ ಅದನ್ನು ಬರೆದವರ ಚರಿತ್ರೆ ಅಂತಲೇ ನಾವು ಓದುತ್ತೇವೆ. ಬರೆದದ್ದನ್ನು ಬೀಳಿಸಿ ನೋಡುವ ಕೆಲಸಕ್ಕೂ ಒಂದು ಚರಿತ್ರೆ ಇದೆ. ನಿಮ್ಮ ಮೊಬೈಲಿನಲ್ಲೂ ಬ್ರೌಸರಿನಲ್ಲೂ ಸದ್ದಿಲ್ಲದೆ ಕೂತಿರುವ ಎಸ್‌ಕ್ಯೂಲೈಟ್ ಡೇಟಾಬೇಸ್ ಅದಕ್ಕೆ ಒಳ್ಳೆಯ ಉದಾಹರಣೆ.

ಇದರ ಹುಟ್ಟು 2000ದಲ್ಲಿ. ಅಮೆರಿಕದ ಯುದ್ಧನೌಕೆಯೊಂದಕ್ಕೆ ತಂತ್ರಾಂಶ ಬರೆಯುತ್ತಿದ್ದ ರಿಚರ್ಡ್ ಹಿಪ್ ಅವರಿಗೆ ಒಂದು ತಲೆನೋವಿತ್ತು. ಡೇಟಾಬೇಸ್ ಸರ್ವರ್ ನಿಂತರೆ ಇವರ ತಂತ್ರಾಂಶವೂ ನಿಲ್ಲುತ್ತಿತ್ತು. ಸರ್ವರೇ ಬೇಡ, ಒಂದು ಫೈಲು ಸಾಕು ಎಂಬ ಯೋಚನೆ ಬಂದದ್ದು ಆಗ. ಕೋಡನ್ನು ಯಾರು ಬೇಕಾದರೂ ಬಳಸಿ ಎಂದು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು.

ಮುಂದೆ ಆಂಡ್ರಾಯ್ಡ್ ಫೋನುಗಳ ಮೂಲಕ ಅದು ಕೋಟ್ಯಂತರ ಜನರ ಕೈಗೆ ಹೋಯಿತು. ಮೊದಲು ಕಾಣದಿದ್ದ ದೋಷಗಳೆಲ್ಲ ಕಾಣತೊಡಗಿದವು! ಆಗ ಹಿಪ್ ಮೊರೆಹೋದದ್ದು ವಿಮಾನಗಳ ತಂತ್ರಾಂಶಕ್ಕೆ ಇರುವ ಡಿಓ-178ಬಿ ಎಂಬ ಮಾನದಂಡಕ್ಕೆ. ಕೋಡಿನ ಪ್ರತಿ ಸಾಲೂ ಒಮ್ಮೆ ಓಡಿದರೆ ಅದಕ್ಕೆ ಸಾಲದು. 'ಮಳೆ ಇದ್ದು, ಕೊಡೆಯೂ ಇದ್ದರೆ ಹೊರಡು' ಎಂದಿದ್ದರೆ, ಮಳೆಯೊಂದೇ ಬದಲಾದಾಗ ಏನಾಗುತ್ತದೆ, ಕೊಡೆಯೊಂದೇ ಬದಲಾದಾಗ ಏನಾಗುತ್ತದೆ ಎಂದು ಬೇರೆಬೇರೆಯಾಗಿ ತೋರಿಸಬೇಕು. 2009ರ ಹೊತ್ತಿಗೆ ಎಸ್‌ಕ್ಯೂಲೈಟ್ ಈ ಲೆಕ್ಕದಲ್ಲಿ ನೂರಕ್ಕೆ ನೂರು ಮುಟ್ಟಿತು.

ನನಗೆ ತುಂಬಾ ಹಿಡಿಸಿದ್ದು ಅವರು ಪರೀಕ್ಷೆಯ ಯೋಜನೆ ಹಾಕಿದ ರೀತಿ. ಡೇಟಾಬೇಸಿನ ಮೂಲಧರ್ಮ ಏನು? ಕೊಟ್ಟದ್ದನ್ನು ಕೆಡಿಸದೆ ಇಟ್ಟುಕೊಳ್ಳುವುದು. ಹಾಗಾದರೆ ಕೆಡುವುದು ಯಾವಾಗ? ಮೆಮೊರಿ ಸಿಗದಿದ್ದಾಗ, ಡಿಸ್ಕ್ ಕೈಕೊಟ್ಟಾಗ, ಕರೆಂಟು ಹೋದಾಗ. ಒಂದೊಂದಕ್ಕೂ ಒಂದೊಂದು ಬಗೆಯ ಪರೀಕ್ಷೆ. ಮೆಮೊರಿಯದ್ದು ನೋಡಿ: ಮೊದಲ ಸಲ ಕೇಳಿದಾಗಲೇ ಇಲ್ಲ ಅನ್ನುವುದು. ಆಮೇಲೆ ಮತ್ತೆ ಮೊದಲಿಂದ ಓಡಿಸಿ, ಎರಡನೇ ಸಲ ಕೇಳಿದಾಗ ಇಲ್ಲ ಅನ್ನುವುದು. ಹೀಗೇ ಮೂರು, ನಾಲ್ಕು... ಕೆಲಸ ಪೂರ್ತಿ ಮುಗಿಯುವ ತನಕ. ಪ್ರತಿ ಸಲವೂ ಫೈಲು ಕೆಟ್ಟಿಲ್ಲವೆಂದು ತಪಾಸಣೆ. ಇನ್ನೊಂದು ಕಟ್ಟುನಿಟ್ಟು ಇದೆ. ಯಾರಾದರೂ ದೋಷ ತಿಳಿಸಿದರೆ, ಅದನ್ನು ಹಿಡಿಯುವ ಹೊಸ ಪರೀಕ್ಷೆ ಸೇರಿಸುವವರೆಗೂ ಆ ದೋಷ ಸರಿಹೋಯಿತು ಎಂದು ಅವರು ಒಪ್ಪುವುದಿಲ್ಲ.

2023ರ 3.42.0 ಆವೃತ್ತಿಯಲ್ಲಿ ಮೂಲ ಕೋಡು ಸುಮಾರು 1,55,800 ಸಾಲು. ಪರೀಕ್ಷೆಯದ್ದು ಸುಮಾರು 9.2 ಕೋಟಿ ಸಾಲು, ಅಂದರೆ 590 ಪಟ್ಟು! ತಮಾಷೆ ಅಂದರೆ, ಮೂಲ ಕೋಡು ಎಲ್ಲರ ಸ್ವತ್ತಾದರೂ ಮುಖ್ಯ ಪರೀಕ್ಷಾ ಕಟ್ಟಾದ ಟಿಎಚ್3 ಮಾತ್ರ ಮುಕ್ತವಲ್ಲ.

ಇಷ್ಟಾದ ಮೇಲೆ ಇನ್ನು ದೋಷ ಎಲ್ಲಿಯದು ಅಂತೀರಾ? 2015ರಲ್ಲಿ ಮೈಕಲ್ ಝಲೆವ್‌ಸ್ಕಿ, ಅಡ್ಡಾದಿಡ್ಡಿ ಆದೇಶಗಳನ್ನು ತಾನೇ ಹುಟ್ಟಿಸಿ ತುರುಕುವ ತಮ್ಮ ಎಎಫ್‌ಎಲ್ ಸಾಧನದಿಂದ ಇದನ್ನು ಬೀಳಿಸುವ 20ಕ್ಕೂ ಹೆಚ್ಚು ದಾರಿ ಹುಡುಕಿ ತೋರಿಸಿದರು. ನೂರಕ್ಕೆ ನೂರು ಅನ್ನುವುದು ನಾವು ಬರೆದ ದಾರಿಗಳ ಲೆಕ್ಕ, ಜನ ನಡೆಯಬಹುದಾದ ದಾರಿಗಳದ್ದಲ್ಲ. ಹಿಪ್ ತಂಡ ಜಗಳಕ್ಕಿಳಿಯದೆ ಈ ಬಗೆಯ ಪರೀಕ್ಷೆಯನ್ನೂ ತನ್ನ ದಿನಚರಿಗೆ ಸೇರಿಸಿಕೊಂಡಿತು.

ನಮ್ಮಲ್ಲೂ ಬಿಡುವಿನ ವೇಳೆಯಲ್ಲಿ ಕನ್ನಡದ ಫಾಂಟು, ಕೀಲಿಮಣೆ ಮಾಡುವವರಿದ್ದಾರೆ. 9 ಕೋಟಿ ಸಾಲು ಯಾರಿಂದಲೂ ಆಗದು, ಬೇಕಾಗೂ ಇಲ್ಲ. 'ಸ್ತ್ರೀ', 'ರ‍್ಯಾಂಕ್' ಸರಿಯಾಗಿ ಮೂಡಬೇಕು ಎಂಬಂಥ ಇಪ್ಪತ್ತು ಪದಗಳ ಪಟ್ಟಿಯೊಂದಿಗೆ ಶುರು ಮಾಡಿದರೂ ಸಾಕು. ಆ ಪಟ್ಟಿಗೆ ನೀವು ಯಾವ ಪದ ಸೇರಿಸುತ್ತೀರಿ?