ಊರ ಪತ್ರಿಕೆ, ಮನೆಯ ದೂರದರ್ಶನ: ದಿನಬಳಕೆಯ ಆಯ್ಕೆಯೂ ಇತಿಹಾಸದ ಆಕರವೂ

ಗೃಹಸ್ಥನೊಬ್ಬನು ಯಾವ ಪತ್ರಿಕೆಯನ್ನು ಮನೆಗೆ ಹಾಕಿಸಿಕೊಳ್ಳುತ್ತಾನೆ, ಟಿ.ವಿ.ಗೆ ಕೇಬಲ್ ತೆಗೆದುಕೊಳ್ಳುತ್ತಾನೋ ಡಿಶ್ ಕೂರಿಸುತ್ತಾನೋ ಎಂಬುದು ಮೇಲ್ನೋಟಕ್ಕೆ ಆ ಮನೆಯ ತಿಂಗಳ ಖರ್ಚಿಗೆ ಸಂಬಂಧಿಸಿದ ಸಂಗತಿ. ಆದರೆ ಇಂತಹ ಅಸಂಖ್ಯ ಸಣ್ಣ ಆಯ್ಕೆಗಳೇ ಒಂದು ಕಾಲದ ಯಾವ ಸುದ್ದಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ನಿರ್ಧರಿಸುತ್ತ ಬಂದಿವೆ. ಕರ್ನಾಟಕದ ಸ್ಥಳೀಯ ಪತ್ರಿಕೆ ಹಾಗೂ ದೂರದರ್ಶನ ಸೇವೆಗಳ ಚರಿತ್ರೆಯನ್ನು ಜೊತೆಯಾಗಿಟ್ಟು ನೋಡಿದಾಗ ಈ ಮಾತು ಸ್ಪಷ್ಟವಾಗುತ್ತದೆ.

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೇ ಒಂದು ಊರಿನ ಹೆಸರಿನಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾದ ಪಾಕ್ಷಿಕ. ಊರಿನ ವರ್ತಮಾನ, ಸರ್ಕಾರದ ಕಾಯಿದೆ ಕಟ್ಟಳೆಗಳು, ಪರರಾಜ್ಯಗಳ ಸುದ್ದಿ, ನೀತಿಕಥೆಗಳು ಅದರಲ್ಲಿ ಒಟ್ಟಿಗೆ ಬರುತ್ತಿದ್ದವು. ಮರುವರ್ಷವೇ ಅದು ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಊರಿನ ಹೆಸರು ಹೋಗಿ ಭಾಷೆಯ ಹೆಸರು ಬಂದ ಈ ಸಣ್ಣ ಬದಲಾವಣೆಯಲ್ಲಿ ಕನ್ನಡ ಪತ್ರಿಕೋದ್ಯಮದ ಎರಡು ಸೆಳೆತಗಳೂ ಅಡಗಿವೆ: ನೆರೆಹೊರೆಯ ಸುದ್ದಿಯನ್ನು ಹೇಳುವುದು ಒಂದು, ದೂರದೂರದ ಕನ್ನಡಿಗರನ್ನು ಒಂದೇ ಓದುಗವಲಯವಾಗಿ ಕಟ್ಟುವುದು ಇನ್ನೊಂದು.

ಸ್ವಾತಂತ್ರ್ಯಾನಂತರ ಈ ಎರಡೂ ಧಾರೆಗಳು ಬೆಳೆದವು. 1948ರಲ್ಲಿ ಬೆಂಗಳೂರಿನಿಂದ ಹೊರಟ ‘ಪ್ರಜಾವಾಣಿ’ ರಾಜ್ಯವ್ಯಾಪಿ ಓದುಗರನ್ನು ಗಳಿಸಿತು. 1970ರ ಜನವರಿ 1ರಂದು ಮಣಿಪಾಲದಲ್ಲಿ ಆರಂಭವಾದ ‘ಉದಯವಾಣಿ’ಯು ರಾಜಧಾನಿಯಿಂದ ದೂರವಿದ್ದೂ ಕರಾವಳಿಯ ಬದುಕನ್ನು ಕೇಂದ್ರವಾಗಿಟ್ಟುಕೊಂಡು ದೊಡ್ಡ ದಿನಪತ್ರಿಕೆಯಾಗಬಹುದೆಂದು ತೋರಿಸಿತು. ರಾಜಶೇಖರ ಕೋಟಿಯವರು 1972ರಲ್ಲಿ ಧಾರವಾಡದಲ್ಲಿ ಆರಂಭಿಸಿದ ‘ಆಂದೋಲನ’ ಮುಂದೆ ಮೈಸೂರಿನಲ್ಲಿ ನೆಲೆ ನಿಂತಿತು. ಅದೇ ನಗರದಲ್ಲಿ 1978ರಲ್ಲಿ ಕೆ.ಬಿ. ಗಣಪತಿಯವರ ‘ಮೈಸೂರು ಮಿತ್ರ’ ಹುಟ್ಟಿತು. ರಾಜ್ಯಮಟ್ಟದ ಪತ್ರಿಕೆಯೊಂದನ್ನು ತರಿಸುವ ಮನೆಯವರೂ ಊರಿನ ಪತ್ರಿಕೆಯನ್ನು ಬಿಡುತ್ತಿರಲಿಲ್ಲ. ಕೃಷಿ ಮಾರುಕಟ್ಟೆಯ ಧಾರಣೆ, ಕರೆಂಟು ಹೋಗುವ ಹೊತ್ತು, ನಿಧನವಾರ್ತೆ, ಸಂಜೆಯ ಸಭೆ, ಜಾತ್ರೆಯ ವಿವರ, ಪುರಸಭೆಯ ಜಗಳ ಇವೆಲ್ಲ ಇನ್ನೆಲ್ಲಿಯೂ ಸಿಗುವಂತಿರಲಿಲ್ಲ.

ದೂರದರ್ಶನ ಬಂದ ದಾರಿ ಬೇರೆ. ಕನ್ನಡನಾಡಿನ ಹಳ್ಳಿಗಳಿಗೆ ಅದು ಮನೆಯ ವಸ್ತುವಾಗಿ ಬರಲಿಲ್ಲ, ಊರೊಟ್ಟಿನ ವಸ್ತುವಾಗಿ ಬಂದಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯದ ಟಿ.ವಿ. ಪೆಟ್ಟಿಗೆಗಳನ್ನು ಇಡಲಾಗಿತ್ತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು; ರಾಜಧಾನಿಗಿಂತ ಮೊದಲು ಬಯಲುಸೀಮೆಯ ಹಳ್ಳಿಗರು ಟಿ.ವಿ. ನೋಡಿದ್ದರು. ಕೃಷಿ, ಆರೋಗ್ಯ, ಶಿಕ್ಷಣಗಳ ಕಾರ್ಯಕ್ರಮಗಳನ್ನು ಅವರು ಕೂಡಿ ನೋಡಿದರೇ ಹೊರತು ಆರಿಸಿ ನೋಡಲಿಲ್ಲ. ಏನನ್ನು ತೋರಿಸಬೇಕೆಂಬುದು ಬೇರೆಡೆ ನಿರ್ಧಾರವಾಗುತ್ತಿತ್ತು.

ಆಯ್ಕೆ ಎಂಬುದು ಮನೆಯೊಳಗೆ ಬಂದದ್ದು ಕೇಬಲ್ಲಿನೊಂದಿಗೆ. 1990ರ ದಶಕದಲ್ಲಿ ಬಡಾವಣೆಗೊಬ್ಬ ಆಪರೇಟರ್ ಹುಟ್ಟಿಕೊಂಡು, ವಿದ್ಯುತ್ ಕಂಬಗಳ ಮೇಲೆ ತಂತಿ ಎಳೆದು, ತಿಂಗಳಿಗೊಮ್ಮೆ ಹಣ ವಸೂಲಿಗೆ ಬರತೊಡಗಿದ. 1994ರಲ್ಲಿ ‘ಉದಯ ಟಿ.ವಿ.’ ಆರಂಭವಾದಾಗ ಕನ್ನಡಕ್ಕೆ ಖಾಸಗಿ ಉಪಗ್ರಹ ವಾಹಿನಿ ದೊರೆಯಿತು. ಇದೇ ಆಪರೇಟರುಗಳು ಅನೇಕ ಪಟ್ಟಣಗಳಲ್ಲಿ ತಮ್ಮದೇ ಸ್ಥಳೀಯ ವಾಹಿನಿಯನ್ನೂ ನಡೆಸಿ, ಊರಿನ ಉತ್ಸವ, ಗಣೇಶನ ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ, ಅಂಗಡಿಗಳ ಜಾಹೀರಾತುಗಳನ್ನು ತೋರಿಸಿದರು. ಊರ ಪತ್ರಿಕೆಯ ಕೆಲಸವನ್ನು ದೃಶ್ಯಮಾಧ್ಯಮವು ವಹಿಸಿಕೊಂಡ ಅವಧಿಯಿದು.

2003ರಲ್ಲಿ ಖಾಸಗಿ ಡಿ.ಟಿ.ಎಚ್. ಸೇವೆ ಆರಂಭವಾಯಿತು. ಮರುವರ್ಷ ತಿಂಗಳ ಶುಲ್ಕವಿಲ್ಲದ ‘ಡಿ.ಡಿ. ಡೈರೆಕ್ಟ್ ಪ್ಲಸ್’ ಕೂಡ ಬಂದಿತು. ಮಹಡಿಯ ಮೇಲೆ ಡಿಶ್ ಕೂರಿಸಿದವನಿಗೆ ಚಿತ್ರ ಸ್ಪಷ್ಟವಾಯಿತು, ವಾಹಿನಿಗಳು ಹೆಚ್ಚಿದವು. ಆದರೆ ಆಪರೇಟರನ ಸ್ಥಳೀಯ ವಾಹಿನಿ ಮಾತ್ರ ಅವನಿಗೆ ತಪ್ಪಿಹೋಯಿತು, ಏಕೆಂದರೆ ದೇಶಕ್ಕೆಲ್ಲ ಒಂದೇ ಸಂಕೇತವನ್ನು ಬಿತ್ತುವ ಉಪಗ್ರಹದಲ್ಲಿ ಒಂದು ತಾಲ್ಲೂಕಿನ ಜಾತ್ರೆಗೆ ಎಡೆಯಿಲ್ಲ. 2019ರಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಪದ್ಧತಿಯು 100 ವಾಹಿನಿಗಳಿಗೆ ತೆರಿಗೆ ಬಿಟ್ಟು 130 ರೂಪಾಯಿಗಳ ಮೂಲಶುಲ್ಕವನ್ನು ಗೊತ್ತುಮಾಡಿ, ಪ್ರತಿಯೊಂದು ಪಾವತಿ ವಾಹಿನಿಗೂ ಬೇರೆಬೇರೆ ಬೆಲೆಯನ್ನು ಪ್ರಕಟಿಸುವಂತೆ ಮಾಡಿತು. ಗೃಹಸ್ಥನ ಆಯ್ಕೆಗೆ ಅಂದಿನಷ್ಟು ವಿವರವಾದ ಪಟ್ಟಿ ಹಿಂದೆಂದೂ ದೊರೆತಿರಲಿಲ್ಲ. ಡಿಶ್ ಇದ್ದವನ ಆ ಪಟ್ಟಿಯಲ್ಲಿ ಅವನ ಊರು ಮಾತ್ರ ಇರಲಿಲ್ಲ.

ಸಂಶೋಧಕರು ಗಮನಿಸಬೇಕಾದ ಸಂಗತಿ ಇದಕ್ಕಿಂತಲೂ ಮುಂದಿನದು. 1954ರ ಗ್ರಂಥಾರ್ಪಣ ಕಾಯಿದೆಗೆ 1956ರಲ್ಲಿ ತಿದ್ದುಪಡಿಯಾಗಿ ವೃತ್ತಪತ್ರಿಕೆಗಳೂ ಅದರ ವ್ಯಾಪ್ತಿಗೆ ಸೇರಿದವು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮೊದಲಾದ ನಿಯೋಜಿತ ಗ್ರಂಥಾಲಯಗಳಿಗೆ ಪ್ರತಿಯೊಂದು ಸಂಚಿಕೆಯನ್ನೂ ಸಲ್ಲಿಸುವುದು ಪ್ರಕಾಶಕನ ಹೊಣೆಯಾಯಿತು. ಕೇಬಲ್ ಜಾಲಗಳ 1995ರ ಕಾಯಿದೆಯು ಆಪರೇಟರನಿಂದ ಬಯಸುವುದು ಪ್ರಸಾರವಾದ ಕಾರ್ಯಕ್ರಮಗಳ ಸಂಕ್ಷಿಪ್ತ ವಿವರವಿರುವ ಒಂದು ದಾಖಲೆ ಪುಸ್ತಕವನ್ನು; ಅದನ್ನೂ ಒಂದು ವರ್ಷ ಕಾಯ್ದಿಟ್ಟರೆ ಸಾಕು. ಉಪಗ್ರಹ ವಾಹಿನಿಗಳು ತಮ್ಮ ಪ್ರಸಾರದ ಮುದ್ರಿಕೆಯನ್ನು ಇಟ್ಟುಕೊಳ್ಳಬೇಕಾದ ಅವಧಿ 90 ದಿನಗಳು. ಈ ನಿಯಮಗಳು ವಿಚಾರಣೆಯ ಅನುಕೂಲಕ್ಕಾಗಿ ಹುಟ್ಟಿದವೇ ಹೊರತು ಚರಿತ್ರೆಯ ರಕ್ಷಣೆಗಾಗಿ ಅಲ್ಲ. ಪತ್ರಿಕೆಯನ್ನು ಕಾಯಿದೆಯು ಗ್ರಂಥದಂತೆ ಕಂಡಿತು. ಸ್ಥಳೀಯ ಪ್ರಸಾರವನ್ನು ಆಡಿ ಮುಗಿದ ಮಾತಿನಂತೆ ಕಂಡಿತು.

ಇದರ ಪರಿಣಾಮ ವಿಚಿತ್ರವಾದುದು. 1980ರ ದಶಕದ ಒಂದು ಸಂಜೆ ಬೆಂಗಳೂರು ದೂರದರ್ಶನದಲ್ಲಿ ಯಾವ ನಾಟಕ, ಯಾರ ಗಾಯನ, ಯಾವ ಸಂವಾದ ಪ್ರಸಾರವಾಯಿತೆಂದು ತಿಳಿಯಬಯಸುವ ವಿದ್ಯಾರ್ಥಿಯು ಅಂದಿನ ಪತ್ರಿಕೆಯ ‘ಇಂದಿನ ಟಿ.ವಿ. ಕಾರ್ಯಕ್ರಮ’ ಎಂಬ ಕಿರು ಅಂಕಣವನ್ನೇ ಮೊರೆಹೋಗಬೇಕು. ದೂರದರ್ಶನದ ನೆನಪನ್ನು ಕಾಪಾಡಿದ್ದು ಪತ್ರಿಕೆ. ಊರಿನ ಕೇಬಲ್ ವಾಹಿನಿಗೆ ಆ ಅಂಕಣದ ಆಸರೆಯೂ ಇರಲಿಲ್ಲವಾದ್ದರಿಂದ, ಪಟ್ಟಣಗಳ ಬದುಕಿನ ಹೇರಳವಾದ ದೃಶ್ಯಸಾಮಗ್ರಿ ಟೇಪುಗಳೊಂದಿಗೆ ನಶಿಸುತ್ತಿದೆ.

ಹಾಗೆಂದು ಪತ್ರಿಕೆಗಳ ಕಡತ ಸುರಕ್ಷಿತವೆಂದೂ ತಿಳಿಯಬಾರದು. ಅಗ್ಗದ ಕಾಗದ ಕೆಲವೇ ದಶಕಗಳಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ. ಮನೆಯಲ್ಲಿ ಓದಿಯಾದ ಪ್ರತಿಯು ರದ್ದಿಗೆ ಹೋಗುತ್ತದೆ. ಶಾಸನಗಳ ಮೂಲಕ ಒಂದೊಂದು ಊರಿನ ದಾನ, ತೆರಿಗೆ, ಕೆರೆ, ಕಾಳಗಗಳನ್ನು ಅರಿತ ಕನ್ನಡ ಸಂಶೋಧನೆಗೆ ಸ್ಥಳೀಯ ದಾಖಲೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಊರುಗಳಿಗೆ ಅಂತಹ ದಾಖಲೆ ಜಿಲ್ಲಾ ಪತ್ರಿಕೆಯ ಒಳಪುಟಗಳಲ್ಲಿಯೂ ಆಪರೇಟರನ ಹಳೆಯ ಟೇಪುಗಳಲ್ಲಿಯೂ ಇದೆ. ಕಲ್ಲಿನಂತೆ ಅವು ಶತಮಾನಗಳ ಕಾಲ ಕಾಯುವುದಿಲ್ಲ. ಅವುಗಳನ್ನು ಹುಡುಕಿ, ಪಟ್ಟಿಮಾಡಿ, ಪ್ರತಿ ತೆಗೆದಿಡುವ ಕೆಲಸವನ್ನು ಈ ತಲೆಮಾರಿನ ಸಂಶೋಧಕರೇ ಮಾಡಬೇಕಾಗಿದೆ.